ಗಾಳಿಯನ್ನು ನಂಬದ ವಿಜ್ಞಾನಿ: ಜಾನ್ ಸ್ಕಾಟ್ ಹಾಲ್ಡೇನ್

ಈ ಸಂಚಿಕೆಗೆ ವಿಜ್ಞಾನಿಯೊಬ್ಬರ ಬದುಕಿನ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕ ಬಳಗದ ವಿದ್ಯಾರ್ಥಿಗಳು ನನ್ನನ್ನು ಕೇಳಿದರು. ಸರ್ ಸಿ.ವಿ. ರಾಮನ್, ಅಬ್ದುಲ್ ಕಲಾಂ, ಐನ್‌ಸ್ಟೈನ್ ಇವರಲ್ಲಿ ಒಬ್ಬರನ್ನು ಆರಿಸಿಕೊಳ್ಳುತ್ತೇನೆಂದು ಅವರು ಎಣಿಸಿರಬಹುದು. ನಾನು ಆರಿಸಿಕೊಂಡದ್ದು ಜಾನ್ ಸ್ಕಾಟ್ ಹಾಲ್ಡೇನ್ ಅವರನ್ನು. ಅದಕ್ಕೊಂದು ಕಾರಣವಿದೆ. ವಿಜ್ಞಾನ ಪ್ರದರ್ಶನ ಬಂದಾಗಲೆಲ್ಲ ಒಂದಿಬ್ಬರಾದರೂ ವಿದ್ಯಾರ್ಥಿಗಳು ಅನಿಲ ಸೋರಿಕೆ ಪತ್ತೆಹಚ್ಚುವ ಮಾದರಿಯನ್ನು ಮಾಡಿಕೊಂಡು ಬರುತ್ತಾರೆ. ಉಕ್ಕಿನ ಜಾಲರಿಯ ಟೋಪಿ ಹಾಕಿಕೊಂಡ, ಬೆರಳ ತುದಿಯಷ್ಟು ದೊಡ್ಡದಾದ ಎಂಕ್ಯೂ-2 ಎಂಬ ಸೆನ್ಸರ್, ಒಂದು ಆರ್ಡುಯಿನೋ ಬೋರ್ಡ್, ಒಂದು ಬಜರ್. ಲೈಟರಿನ ಅನಿಲ ಬಿಟ್ಟರೆ ಬಜರ್ ಕೂಗುತ್ತದೆ, ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಆ ಜಾಲರಿಯೊಳಗಿರುವುದು ತವರದ ಆಕ್ಸೈಡಿನ ತೆಳುವಾದ ಲೇಪ. ಆದರೆ ಆ ಲೇಪಕ್ಕಿಂತಲೂ ಹಳೆಯದು ಅದರ ಹಿಂದಿರುವ ಪ್ರಶ್ನೆ. ವಿಷಾನಿಲವು ಮನುಷ್ಯನ ಮೈಯನ್ನು ಮುಟ್ಟುವ ಮೊದಲೇ ಅದು ಅಲ್ಲಿದೆ ಎಂದು ತಿಳಿಯುವುದು ಹೇಗೆ? ಈ ಪ್ರಶ್ನೆಯನ್ನು ಹಿಡಿದು ಗಣಿಗೂ ಚರಂಡಿಗೂ ಯುದ್ಧಭೂಮಿಗೂ ಇಳಿದು, ಉತ್ತರವನ್ನು ತನ್ನದೇ ರಕ್ತದಲ್ಲಿ ಹುಡುಕಿದವರು ಹಾಲ್ಡೇನ್.

ಎಡಿನ್‌ಬರೋದಿಂದ ಡಂಡಿಯ ಒಂಟಿಕೋಣೆಗಳಿಗೆ

ಹಾಲ್ಡೇನ್ ಹುಟ್ಟಿದ್ದು 1860ರ ಮೇ 2ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ. ಮನೆತನ ಅನುಕೂಲಸ್ಥರದು. ಅಣ್ಣ ರಿಚರ್ಡ್ ಮುಂದೆ ಬ್ರಿಟನ್ನಿನ ಯುದ್ಧಮಂತ್ರಿಯೂ ಲಾರ್ಡ್ ಚಾನ್ಸೆಲರ್ ಎಂಬ ಉನ್ನತ ಪದವಿಯವರೂ ಆದರು. ಸೋದರಮಾವ ಜಾನ್ ಬರ್ಡನ್ ಸ್ಯಾಂಡರ್ಸನ್ ಆಕ್ಸ್‌ಫರ್ಡಿನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1884ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ ಹಾಲ್ಡೇನ್ ಮನಸ್ಸು ಮಾಡಿದ್ದರೆ ಶ್ರೀಮಂತರ ವೈದ್ಯರಾಗಿ ನೆಮ್ಮದಿಯಿಂದ ಇರಬಹುದಿತ್ತು. ಅವರು ಹೋದದ್ದು ಡಂಡಿ ಎಂಬ ಸೆಣಬಿನ ಗಿರಣಿಗಳ ಊರಿಗೆ. ಅಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಕಾರ್ನೆಲಿ ಅವರೊಂದಿಗೆ ಸೇರಿ ಬಡವರ ಮನೆಗಳ ಗಾಳಿಯನ್ನು ಅಳೆಯುವ ಕೆಲಸ ಶುರುಮಾಡಿದರು.

ಹಗಲಿನಲ್ಲಿ ಅಳೆದರೆ ಬಾಗಿಲು ತೆರೆದಿರುತ್ತದೆ, ಜನ ಹೊರಗಿರುತ್ತಾರೆ, ನಿಜಸ್ಥಿತಿ ತಿಳಿಯುವುದಿಲ್ಲ. ಆದ್ದರಿಂದ ಅವರು ಮಧ್ಯರಾತ್ರಿ ಕಳೆದ ಮೇಲೆ ಬಾಟಲಿಗಳನ್ನು ಹಿಡಿದುಕೊಂಡು ಮನೆಗಳ ಬಾಗಿಲು ತಟ್ಟುತ್ತಿದ್ದರು. ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗಿದ್ದಾಗ ಆ ಗಾಳಿಯಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಇದೆ, ಎಷ್ಟು ಸೂಕ್ಷ್ಮಜೀವಿಗಳಿವೆ ಎಂದು ಲೆಕ್ಕಹಾಕುತ್ತಿದ್ದರು. ಶಾಲಾ ಕೊಠಡಿಗಳನ್ನೂ ಬಿಡಲಿಲ್ಲ, ನೆಲದಡಿಯ ಚರಂಡಿಗಳನ್ನೂ ಬಿಡಲಿಲ್ಲ. ಅಂದಿನ ಜನ ಚರಂಡಿಯ ಗಾಳಿಯೇ ಎಲ್ಲ ರೋಗಗಳ ಮೂಲವೆಂದು ಹೆದರುತ್ತಿದ್ದರು. ಅಳೆದು ನೋಡಿದಾಗ ಅಲ್ಲಿಯ ಸೂಕ್ಷ್ಮಜೀವಿಗಳು ಜನ ಊಹಿಸಿದ್ದಕ್ಕಿಂತ ಬಹಳ ಕಡಿಮೆ ಇದ್ದವು. ಕಿಕ್ಕಿರಿದ ತರಗತಿಗಳ ಗಾಳಿಯೇ ಅದಕ್ಕಿಂತ ಕೆಟ್ಟದಾಗಿತ್ತು. ಮೂಗು ಹೇಳಿದ್ದನ್ನೂ ಊರು ಹೇಳಿದ್ದನ್ನೂ ನಂಬದೆ ಅಳೆದು ನೋಡಬೇಕು ಎಂಬ ಪಾಠವನ್ನು ಅವರು ಅಲ್ಲಿಯೇ ಕಲಿತರು. ಜೀವಮಾನವಿಡೀ ಅದನ್ನು ಬಿಡಲಿಲ್ಲ.

1887ರ ಹೊತ್ತಿಗೆ ಆಕ್ಸ್‌ಫರ್ಡ್ ಸೇರಿದರು. 1891ರಲ್ಲಿ ಲೂಯಿಸಾ ಕ್ಯಾಥ್ಲೀನ್ ಟ್ರಾಟರ್ ಅವರನ್ನು ಮದುವೆಯಾದರು. ಮಗ ಜೆ.ಬಿ.ಎಸ್. ಹಾಲ್ಡೇನ್ ಮುಂದೆ ಹೆಸರಾಂತ ತಳಿವಿಜ್ಞಾನಿಯಾದರು, ಮಗಳು ನವೋಮಿ ಮಿಚಿಸನ್ ಲೇಖಕಿಯಾದರು.

ಚರಂಡಿಯೊಳಗೆ ಐವರು

1895ರ ಜುಲೈನಲ್ಲಿ ಲಂಡನ್ನಿನ ಈಸ್ಟ್ ಹ್ಯಾಮ್ ಎಂಬಲ್ಲಿ ಒಂದು ದುರಂತ ನಡೆಯಿತು. ಚರಂಡಿಯ ಬಾವಿಗೆ ಇಳಿದ ಕಾರ್ಮಿಕನೊಬ್ಬ ಕುಸಿದುಬಿದ್ದ. ಅವನನ್ನು ಎತ್ತಲು ಇಳಿದವರೂ ಒಬ್ಬರ ಹಿಂದೆ ಒಬ್ಬರಂತೆ ಕುಸಿದರು. ಒಟ್ಟು ಐವರು ಪ್ರಾಣ ಕಳೆದುಕೊಂಡರು. ಕಾರಣ ತಿಳಿಯಲು ಹೋದ ಹಾಲ್ಡೇನ್, ಕೊಂದದ್ದು ಹೈಡ್ರೋಜನ್ ಸಲ್ಫೈಡ್ ಎಂಬ ನಿರ್ಣಯಕ್ಕೆ ಬಂದರು.

ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಲವಣ ವಿಶ್ಲೇಷಣೆ ಮಾಡುವಾಗ ಕೊಳೆತ ಮೊಟ್ಟೆಯ ವಾಸನೆಯಿಂದ ನಿಮಗೆಲ್ಲ ಪರಿಚಿತವಾದ ಅನಿಲ ಇದೇ. ವಾಸನೆ ಬರುತ್ತದಲ್ಲ, ಹಾಗಾದರೆ ಎಚ್ಚರವಾಗಬಹುದಲ್ಲ ಎಂದು ಕೇಳಬಹುದು. ಇಲ್ಲಿಯೇ ಮೋಸ ಇರುವುದು. ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ ನೂರು ಭಾಗದಷ್ಟಾದಾಗ ಮೂಗಿನ ವಾಸನೆಯ ಶಕ್ತಿಯೇ ಮಂಕಾಗುತ್ತದೆ. ವಾಸನೆ ಹೋಯಿತು, ಅಪಾಯ ತಪ್ಪಿತು ಎಂದುಕೊಂಡವನು ಅದರ ನಡುವೆಯೇ ನಿಂತಿರುತ್ತಾನೆ. ಪ್ರಮಾಣ ಇನ್ನೂ ಹಲವು ಪಟ್ಟು ಏರಿದರೆ ಕೆಲವೇ ಉಸಿರಿಗೆ ಪ್ರಜ್ಞೆ ತಪ್ಪುತ್ತದೆ.

ಗಣಿಯೊಳಗಿನ ಕಾಣದ ಕೊಲೆಗಾರ

ಹಾಲ್ಡೇನ್ ಅವರ ಹೆಸರು ಉಳಿದದ್ದು ಮುಖ್ಯವಾಗಿ ಕಲ್ಲಿದ್ದಲ ಗಣಿಗಳಿಂದ. ಗಣಿಯ ಕಾರ್ಮಿಕರು ತಮ್ಮನ್ನು ಕೊಲ್ಲುವ ಗಾಳಿಗಳಿಗೆ ತಾವೇ ಹೆಸರಿಟ್ಟುಕೊಂಡಿದ್ದರು. ಹೊತ್ತಿಕೊಂಡು ಸಿಡಿಯುವುದು ಫೈರ್‌ಡ್ಯಾಂಪ್, ಅಂದರೆ ಮೀಥೇನ್. ದೀಪವನ್ನು ನಂದಿಸಿ ಉಸಿರು ಕಟ್ಟಿಸುವುದು ಬ್ಲ್ಯಾಕ್‌ಡ್ಯಾಂಪ್. ಅದು ನೈಟ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್‌ಗಳ ಮಿಶ್ರಣವೆಂದು ಹಾಲ್ಡೇನ್ ತೋರಿಸಿದರು. ಸ್ಫೋಟದ ಬಳಿಕ ಗಣಿಯಲ್ಲಿ ಉಳಿಯುವುದು ಆಫ್ಟರ್‌ಡ್ಯಾಂಪ್.

ಸ್ಫೋಟದಲ್ಲಿ ಸತ್ತವರೆಲ್ಲ ಬೆಂಕಿಯಿಂದಲೋ ಹೊಡೆತದಿಂದಲೋ ಸತ್ತರೆಂದು ಎಲ್ಲರೂ ತಿಳಿದಿದ್ದರು. 1896ರ ಜನವರಿ 27ರಂದು ದಕ್ಷಿಣ ವೇಲ್ಸ್‌ನ ಟೈಲರ್ಸ್‌ಟೌನ್ ಗಣಿಯಲ್ಲಿ ಸ್ಫೋಟವಾಗಿ 57 ಮಂದಿ ಸತ್ತರು. ಹಾಲ್ಡೇನ್ ಅಲ್ಲಿಗೆ ಧಾವಿಸಿ ಶವಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಬಹುಪಾಲು ಶವಗಳ ಚರ್ಮ ಜೀವಂತರಂತೆ ಕೆಂಪಗಿತ್ತು. ರಕ್ತವನ್ನು ಪರೀಕ್ಷಿಸಿದಾಗ ಅದರ ತುಂಬ ಕಾರ್ಬನ್ ಮಾನಾಕ್ಸೈಡ್. ಅಂದರೆ ಬಹುಪಾಲು ಮಂದಿ ಸ್ಫೋಟದಿಂದ ಪಾರಾಗಿದ್ದರು, ಆ ಮೇಲೆ ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲವನ್ನು ಉಸಿರಾಡಿ ಸತ್ತಿದ್ದರು. ಈ ತಿಳಿವಳಿಕೆಯ ಬೆಲೆ ಏನೆಂದು ಯೋಚಿಸಿ. ಸ್ಫೋಟದ ಹೊಡೆತಕ್ಕೆ ಸಿಕ್ಕವನನ್ನು ಉಳಿಸಲಾಗದು. ಆದರೆ ಹೊಡೆತದ ಬಳಿಕವೂ ಬದುಕಿದ್ದವನಿಗೆ ಯಾವ ದಾರಿಯ ಗಾಳಿ ಒಳ್ಳೆಯದೆಂದು ತಿಳಿದಿದ್ದರೆ ಅವನು ಮನೆಗೆ ಹೋಗಬಹುದಿತ್ತು.

ಕಾರ್ಬನ್ ಮಾನಾಕ್ಸೈಡ್ ಕೊಲ್ಲುವ ಬಗೆಯನ್ನು ನೀವು ಜೀವಶಾಸ್ತ್ರದಲ್ಲಿ ಓದಿದ್ದೀರಿ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನನ್ನು ಹೊತ್ತು ಮೈಯೆಲ್ಲ ತಿರುಗುತ್ತದೆ. ಆದರೆ ಅದಕ್ಕೆ ಕಾರ್ಬನ್ ಮಾನಾಕ್ಸೈಡಿನ ಮೇಲಿರುವ ಒಲವು ಆಕ್ಸಿಜನ್ನಿನ ಮೇಲಿರುವುದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಆಕ್ಸಿಜನ್ ಕೂರಬೇಕಾದ ಜಾಗದಲ್ಲಿ ಇದು ಬಂದು ಕೂರುತ್ತದೆ, ಏಳುವುದಿಲ್ಲ. ಉಸಿರಾಟ ನಡೆಯುತ್ತಲೇ ಇರುತ್ತದೆ, ಮಿದುಳು ಮಾತ್ರ ಹಸಿದು ಸಾಯುತ್ತದೆ.

ತನ್ನ ಮೈಮೇಲೆಯೇ ಪ್ರಯೋಗ

ಎಷ್ಟು ಪ್ರಮಾಣದಲ್ಲಿ, ಎಷ್ಟು ಹೊತ್ತಿನಲ್ಲಿ ಅಪಾಯ? ಇದನ್ನು ತಿಳಿಯಲು ಯಾರನ್ನು ಪರೀಕ್ಷೆಗೆ ಒಡ್ಡುವುದು? ಹಾಲ್ಡೇನ್ ತಮ್ಮನ್ನೇ ಒಡ್ಡಿಕೊಂಡರು. ಟೈಲರ್ಸ್‌ಟೌನ್ ದುರಂತಕ್ಕೂ ಮೊದಲೇ, ಕಾರ್ಬನ್ ಮಾನಾಕ್ಸೈಡ್ ಬೆರೆಸಿದ ಗಾಳಿಯನ್ನು ಅಳತೆ ಮಾಡಿ ಉಸಿರಾಡುತ್ತ, ನಡುನಡುವೆ ತಮ್ಮ ರಕ್ತದ ಹನಿಯನ್ನು ತೆಗೆದು ಪರೀಕ್ಷಿಸುತ್ತ, ಮೈಗೆ ಏನಾಗುತ್ತಿದೆ ಎಂದು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಒಮ್ಮೆಯಂತೂ ಅವರ ಹಿಮೋಗ್ಲೋಬಿನ್ನಿನ ಅರ್ಧಕ್ಕೂ ಹೆಚ್ಚು ಪಾಲು ಈ ವಿಷದ ವಶವಾಗಿತ್ತು. ನೇರವಾಗಿ ನಡೆಯಲು ಆಗುತ್ತಿರಲಿಲ್ಲ, ಕಣ್ಣು ಮಂಜಾಗಿತ್ತು. ಫಲಿತಾಂಶವನ್ನು 1895ರಲ್ಲಿ ಪ್ರಕಟಿಸಿದರು. ಮಕ್ಕಳೇ, ಇದನ್ನು ಯಾರೂ ಅನುಕರಿಸಬಾರದು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ. ಅಂದಿಗೆ ಬೇರೆ ದಾರಿ ಇರಲಿಲ್ಲ. ಇಂದು ಇದೆ, ಅದೂ ಅವರ ದಯೆಯಿಂದಲೇ.

ಗಾಳಿಯಲ್ಲಿ ಈ ಅನಿಲ ಎಷ್ಟಿದೆ ಎಂದು ಅಳೆಯಲು ಅವರು ಕಂಡುಕೊಂಡ ವಿಧಾನ ನನಗೆ ಬಹಳ ಇಷ್ಟ. ನೀರಿನಲ್ಲಿ ತೆಳುಮಾಡಿದ ರಕ್ತವನ್ನು ಆ ಗಾಳಿಯೊಂದಿಗೆ ಕುಲುಕುವುದು. ಕಾರ್ಬನ್ ಮಾನಾಕ್ಸೈಡ್ ಇದ್ದರೆ ದ್ರಾವಣ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಾರ್ಮೈನ್ ಎಂಬ ಕೆಂಪು ಬಣ್ಣದ ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಅದೇ ಗುಲಾಬಿಯನ್ನು ಪಕ್ಕದ ನಳಿಕೆಯಲ್ಲಿ ತರಿಸಿ, ಎಷ್ಟು ಹನಿ ಬೇಕಾಯಿತು ಎಂಬುದರಿಂದ ಪ್ರಮಾಣವನ್ನು ಲೆಕ್ಕಹಾಕುವುದು. ಬ್ಯೂರೆಟ್ ಹಿಡಿದು ಅಭ್ಯಾಸವಿರುವ ನಿಮಗೆ ಇದು ಹೊಸತೆನಿಸದು. ಇದೂ ಒಂದು ಸೆನ್ಸರ್. ಸೂಕ್ಷ್ಮ ಗ್ರಾಹಕ ರಕ್ತ, ಓದುವ ಸಾಧನ ಕಣ್ಣು.

ಆದರೆ ನಳಿಕೆ, ದ್ರಾವಣ, ಹಗಲಿನ ಬೆಳಕು ಇವೆಲ್ಲ ಗಣಿಯ ಕತ್ತಲಲ್ಲಿ ನಡೆಯುವ ಮಾತಲ್ಲ. ಅಲ್ಲಿಗೆ ಬೇಕಾದದ್ದು ತಕ್ಷಣ ಎಚ್ಚರಿಸುವ, ಕಾರ್ಮಿಕನ ಕೈಯಲ್ಲಿ ಹಿಡಿಯಬಹುದಾದ ಉಪಾಯ. ಹಾಲ್ಡೇನ್ ಪ್ರಯೋಗದಲ್ಲಿ ಒಂದು ಸಂಗತಿಯನ್ನು ಗಮನಿಸಿದ್ದರು. ಅದೇ ಗಾಳಿಯಲ್ಲಿ ಇಟ್ಟ ಇಲಿಮರಿ ಮನುಷ್ಯನಿಗಿಂತ ಸುಮಾರು ಇಪ್ಪತ್ತು ಪಟ್ಟು ಬೇಗ ಅಸ್ವಸ್ಥವಾಗುತ್ತಿತ್ತು. ಸಣ್ಣ ಪ್ರಾಣಿಯ ತೂಕಕ್ಕೆ ಹೋಲಿಸಿದರೆ ಅದರ ಉಸಿರಾಟ, ರಕ್ತಸಂಚಾರ ಬಹಳ ವೇಗ. ವಿಷ ಕೂಡ ಅಷ್ಟೇ ವೇಗದಲ್ಲಿ ತುಂಬಿಕೊಳ್ಳುತ್ತದೆ. ಇಲಿ ಮುದುಡಿ ಕುಳಿತರೆ ಕತ್ತಲಲ್ಲಿ ತಿಳಿಯದು. ಹಕ್ಕಿಯಾದರೆ ಕೂತ ಕೋಲಿನಿಂದ ಕೆಳಗೆ ಬೀಳುತ್ತದೆ, ಎಲ್ಲರಿಗೂ ಕಾಣುತ್ತದೆ. ಹೀಗೆ ಕ್ಯಾನರಿ ಹಕ್ಕಿ ಗಣಿಗೆ ಇಳಿಯಿತು. ಹಕ್ಕಿ ಬಿದ್ದರೆ ಮನುಷ್ಯನಿಗೆ ಹಿಂದೆ ಸರಿಯಲು ಇನ್ನೂ ಕೆಲವು ನಿಮಿಷಗಳ ಸಮಯ ಇದೆ ಎಂದರ್ಥ. ಮುಂದೆ ಪಂಜರಕ್ಕೇ ಸಣ್ಣ ಆಕ್ಸಿಜನ್ ಸಿಲಿಂಡರ್ ಜೋಡಿಸಿ, ಬಿದ್ದ ಹಕ್ಕಿಯನ್ನು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವ ಪೆಟ್ಟಿಗೆಗಳೂ ಬಂದವು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿಗಳು 1986ರವರೆಗೂ ಸೇವೆಯಲ್ಲಿದ್ದವು.

ಮನೆಯೂ ಪ್ರಯೋಗಾಲಯವೇ

ಆಕ್ಸ್‌ಫರ್ಡಿನ ತಮ್ಮ ಮನೆಯಲ್ಲಿಯೇ ಹಾಲ್ಡೇನ್ ಪ್ರಯೋಗಾಲಯ ಕಟ್ಟಿಕೊಂಡಿದ್ದರು. ಗಾಳಿ ಒಳಹೊರಗೆ ಹೋಗದಂತೆ ಮುಚ್ಚಬಹುದಾದ ಕೋಣೆಯೂ ಅಲ್ಲಿತ್ತು. ಮಗನಿಗೂ ತಂದೆಯ ಪಾಠ ಗಣಿಯಲ್ಲಿಯೇ ಆಯಿತು. ಬಾಲಕ ಜೆ.ಬಿ.ಎಸ್.ನನ್ನು ಒಮ್ಮೆ ಗಣಿಯೊಳಗೆ ಕರೆದೊಯ್ದು, ಎದ್ದುನಿಂತು ಶೇಕ್ಸ್‌ಪಿಯರನ ನಾಟಕದಲ್ಲಿ ಮಾರ್ಕ್ ಆಂಟನಿ ಮಾಡುವ ಭಾಷಣವನ್ನು ಬಾಯಿಪಾಠ ಒಪ್ಪಿಸಲು ಹೇಳಿದರು. ಕೆಲವು ಸಾಲು ಮುಗಿಯುವಷ್ಟರಲ್ಲಿ ಹುಡುಗನಿಗೆ ಏದುಸಿರು ಬಂದು, ಕಾಲು ಸೋತು ನೆಲಕ್ಕೆ ಕುಸಿದ. ನೆಲದ ಹತ್ತಿರ ಬಂದೊಡನೆ ಉಸಿರು ಸರಿಯಾಯಿತು. ಮೀಥೇನ್ ಗಾಳಿಗಿಂತ ಹಗುರ, ಅದು ಛಾವಣಿಯ ಕಡೆ ಸೇರಿಕೊಂಡಿರುತ್ತದೆ ಎಂಬುದನ್ನು ಆ ಹುಡುಗ ಮತ್ತೆಂದೂ ಮರೆಯಲಿಲ್ಲ. ಇಂದಿನ ತಂದೆ ತಾಯಿಗಳು ಒಪ್ಪುವ ಪಾಠಕ್ರಮವಲ್ಲ ಇದು!

ಇದೇ ವರ್ಷಗಳಲ್ಲಿ ಅವರ ಇತರ ಸಂಶೋಧನೆಗಳೂ ನಡೆದವು. 1905ರಲ್ಲಿ ಪ್ರೀಸ್ಟ್ಲಿ ಅವರೊಡನೆ ಸೇರಿ, ನಮ್ಮ ಉಸಿರಾಟದ ವೇಗವನ್ನು ಮುಖ್ಯವಾಗಿ ನಿಯಂತ್ರಿಸುವುದು ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಎಂದು ತೋರಿಸಿದರು. ಸಮುದ್ರದಾಳಕ್ಕೆ ಇಳಿದ ಮುಳುಗುಗಾರರು ಹಂತಹಂತವಾಗಿ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆಗಳಾಗುವುದಿಲ್ಲವೆಂದು ಕಂಡುಕೊಂಡು, 1908ರಲ್ಲಿ ಅದಕ್ಕೆ ಕೋಷ್ಟಕಗಳನ್ನು ಪ್ರಕಟಿಸಿದರು. 1911ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಶಿಖರವೇರಿ ತೆಳುಗಾಳಿಯಲ್ಲಿ ದೇಹ ಹೇಗೆ ಹೊಂದಿಕೊಳ್ಳುತ್ತದೆ ಎಂದು ಅಧ್ಯಯನ ಮಾಡಿದರು.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಬಿಟ್ಟಿತು. ಕೆಲವೇ ದಿನಗಳಲ್ಲಿ ಬ್ರಿಟಿಷ್ ಸರ್ಕಾರ ಹಾಲ್ಡೇನ್ ಅವರನ್ನು ಯುದ್ಧಭೂಮಿಗೆ ಕಳುಹಿಸಿತು. ಉಸಿರಿಗಾಗಿ ಒದ್ದಾಡುತ್ತಿದ್ದ ಸೈನಿಕರನ್ನು ನೋಡಿ ಅನಿಲ ಕ್ಲೋರಿನ್ ಎಂಬುದನ್ನು ಖಚಿತಪಡಿಸಿದರು. ಹಿಂದಿರುಗಿ ಮುಖಗವಸುಗಳನ್ನು ರೂಪಿಸುವ ಕೆಲಸಕ್ಕೆ ಕೈಹಾಕಿದರು. ಅವನ್ನು ಪರೀಕ್ಷಿಸಲು ಕ್ಲೋರಿನ್ ತುಂಬಿದ ಕೋಣೆಯೊಳಗೆ ತಾವೂ ಸಹೋದ್ಯೋಗಿಗಳೂ ಕುಳಿತರು. ಜರ್ಮನ್ನರ ಬಗ್ಗೆ ಒಲವಿದೆ ಎಂಬ ಅಪವಾದ ಹೊತ್ತು ಅಣ್ಣ ರಿಚರ್ಡ್ ಅದೇ ಮೇ ತಿಂಗಳಲ್ಲಿ ಮಂತ್ರಿ ಪದವಿ ಕಳೆದುಕೊಂಡರು. ತಮ್ಮ ಮಾತ್ರ ತನ್ನ ಕೆಲಸ ನಿಲ್ಲಿಸಲಿಲ್ಲ. ವಿಷಾನಿಲದಿಂದ ಶ್ವಾಸಕೋಶ ಕೆಟ್ಟವರಿಗೆ ಆಕ್ಸಿಜನ್ ಕೊಟ್ಟು ಚಿಕಿತ್ಸೆ ಮಾಡುವ ವಿಧಾನವನ್ನು 1917ರಲ್ಲಿ ವಿವರಿಸಿದರು. ಕೋವಿಡ್ ಕಾಲದಲ್ಲಿ ಆಕ್ಸಿಜನ್ ಸಿಲಿಂಡರಿಗಾಗಿ ಜನ ಪಟ್ಟ ಪಾಡನ್ನು ಕಂಡ ನಮಗೆ ಅದರ ಬೆಲೆ ಗೊತ್ತು.

ದೊಡ್ಡವರ ಬದುಕನ್ನು ಬರೆಯುವಾಗ ಒಳ್ಳೆಯದನ್ನಷ್ಟೇ ಹೇಳಿ ಮುಗಿಸಬಾರದು. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಹಾಳುಮಾಡುತ್ತದೆ ಎಂದು ಎಚ್ಚರಿಸಿದ ಹಾಲ್ಡೇನ್, ಕಲ್ಲಿದ್ದಲ ಧೂಳಿನಿಂದ ಅಂಥ ಅಪಾಯವಿಲ್ಲ ಎಂದು ನಂಬಿದ್ದರು. ಅವರ ಮಾತಿಗೆ ತೂಕ ಇದ್ದುದರಿಂದ ಆ ನಂಬಿಕೆಯೂ ಬೇರೂರಿತು. ಕಲ್ಲಿದ್ದಲ ಧೂಳಿನ ರೋಗಕ್ಕೆ ಬ್ರಿಟನ್ನಿನಲ್ಲಿ ಪರಿಹಾರದ ವ್ಯವಸ್ಥೆಯಾದದ್ದು 1943ರಲ್ಲಿ, ಅವರು ತೀರಿಕೊಂಡ ಏಳು ವರ್ಷಗಳ ಮೇಲೆ. ಮೂಗನ್ನು ನಂಬಬೇಡಿ, ಊರ ಮಾತನ್ನು ನಂಬಬೇಡಿ ಎಂದು ಕಲಿಸಿದವರ ಮಾತನ್ನೂ ಅಳೆದು ನೋಡಿಯೇ ಒಪ್ಪಬೇಕು. ವಿಜ್ಞಾನದಲ್ಲಿ ಗುರುಭಕ್ತಿ ಎಂದರೆ ಅದೇ.

1934ರಲ್ಲಿ ರಾಯಲ್ ಸೊಸೈಟಿಯ ಅತ್ಯುನ್ನತ ಗೌರವವಾದ ಕಾಪ್ಲಿ ಪದಕ ಬಂದಿತು. ಎಪ್ಪತ್ತೈದು ದಾಟಿದ ಮೇಲೂ ಅವರು ಮನೆಯಲ್ಲಿ ಕೂರಲಿಲ್ಲ. ತೈಲ ಸಂಸ್ಕರಣಾಗಾರಗಳಲ್ಲಿ ಬಿಸಿಲಿನ ಹೊಡೆತಕ್ಕೆ ಸಿಕ್ಕ ಕಾರ್ಮಿಕರ ಬಗ್ಗೆ ಅಧ್ಯಯನ ಮಾಡಲು ಪರ್ಷಿಯಾ ಮತ್ತು ಇರಾಕ್ ದೇಶಗಳಿಗೆ ಹೋಗಿ ಬಂದರು. ಆ ಪ್ರವಾಸದಿಂದ ಹಿಂದಿರುಗಿದ ಸ್ವಲ್ಪ ಕಾಲದಲ್ಲಿಯೇ, 1936ರ ಮಾರ್ಚ್ ನಡುವಿನ ಒಂದು ರಾತ್ರಿ ಆಕ್ಸ್‌ಫರ್ಡಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಮಗ ಜೆ.ಬಿ.ಎಸ್. 1957ರಲ್ಲಿ ಭಾರತಕ್ಕೆ ಬಂದು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು, ಈ ದೇಶದ ಪೌರತ್ವವನ್ನೂ ಪಡೆದರು, 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು.

ಹಕ್ಕಿಯ ಜಾಗಕ್ಕೆ ಬಂದ ಆಕ್ಸೈಡ್

ಹಾಲ್ಡೇನ್ ತೀರಿಕೊಂಡ ಕಾಲು ಶತಮಾನದ ಬಳಿಕ, 1962ರಲ್ಲಿ, ಜಪಾನಿನಲ್ಲಿ ಎರಡು ಕೆಲಸಗಳು ಹೆಚ್ಚುಕಡಿಮೆ ಒಟ್ಟಿಗೆ ನಡೆದವು. ಸೆಯಿಯಾಮ ಮತ್ತು ಸಂಗಡಿಗರು ಬಿಸಿಮಾಡಿದ ಸತುವಿನ ಆಕ್ಸೈಡಿನ ತೆಳುಪದರ ಅನಿಲಗಳನ್ನು ಗುರುತಿಸಬಲ್ಲದೆಂದು ತೋರಿಸಿದರು. ನವೋಯೋಷಿ ತಗುಚಿ ಎಂಬವರು ಲೋಹದ ಆಕ್ಸೈಡಿನ ಸೆನ್ಸರಿಗೆ ಪೇಟೆಂಟ್ ಕೇಳಿದರು. ಮನೆಗಳಲ್ಲಿ ಅಡುಗೆ ಅನಿಲ ಸೋರಿ ಆಗುತ್ತಿದ್ದ ಸ್ಫೋಟಗಳನ್ನು ತಪ್ಪಿಸುವುದು ತಗುಚಿಯವರ ಗುರಿಯಾಗಿತ್ತು. ಆ ದಶಕ ಮುಗಿಯುವುದರೊಳಗೆ ಅವರ ತವರದ ಆಕ್ಸೈಡ್ ಸೆನ್ಸರುಗಳು ಮಾರುಕಟ್ಟೆಗೆ ಬಂದವು. ನಿಮ್ಮ ಎಂಕ್ಯೂ-2 ಅದೇ ವಂಶದ್ದು.

ಅದು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತವರದ ಆಕ್ಸೈಡ್ ಒಂದು ಎನ್ ಮಾದರಿಯ ಅರೆವಾಹಕ, ಅಂದರೆ ಅದರಲ್ಲಿ ವಿದ್ಯುತ್ ಹರಿಸುವುದು ಎಲೆಕ್ಟ್ರಾನುಗಳು. ಅದನ್ನು ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿದಾಗ ಗಾಳಿಯಲ್ಲಿನ ಆಕ್ಸಿಜನ್ ಅದರ ಮೇಲ್ಮೈಗೆ ಅಂಟಿಕೊಂಡು ಎಲೆಕ್ಟ್ರಾನುಗಳನ್ನು ಕಸಿದುಕೊಂಡು ಅಯಾನಾಗಿ ಕೂರುತ್ತದೆ. ಕಣದ ಹೊರಪದರದಲ್ಲಿ ಎಲೆಕ್ಟ್ರಾನುಗಳಿಗೆ ಬರ. ಹಾಗಾಗಿ ರೋಧ ಹೆಚ್ಚು. ಈಗ ಕಾರ್ಬನ್ ಮಾನಾಕ್ಸೈಡ್ ಬಂದರೆ ಆ ಆಕ್ಸಿಜನ್ ಅಯಾನಿನೊಂದಿಗೆ ಸೇರಿ ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ಕಸಿದಿಟ್ಟ ಎಲೆಕ್ಟ್ರಾನು ಮತ್ತೆ ಆಕ್ಸೈಡಿಗೆ ಮರಳುತ್ತದೆ. ರೋಧ ಇಳಿಯುತ್ತದೆ, ಬಜರ್ ಕೂಗುತ್ತದೆ. ಒಮ್ಮೆ ಹಾಲ್ಡೇನ್ ಅವರ ರಕ್ತದ ನಳಿಕೆಯನ್ನು ನೆನೆಯಿರಿ. ಅಲ್ಲಿ ಆಕ್ಸಿಜನ್ನನ್ನು ಹಿಮೋಗ್ಲೋಬಿನ್ನಿನಿಂದ ಎಬ್ಬಿಸಿದ ಅನಿಲವೇ ಇಲ್ಲಿ ಆಕ್ಸಿಜನ್ನನ್ನು ಆಕ್ಸೈಡಿನ ಮೇಲ್ಮೈಯಿಂದ ಎಬ್ಬಿಸುತ್ತದೆ. ಅಲ್ಲಿ ಬಣ್ಣ ಬದಲಾಯಿತು, ಇಲ್ಲಿ ರೋಧ ಬದಲಾಗುತ್ತದೆ.

ಇನ್ನು ನ್ಯಾನೋಕಣಗಳ ವಿಷಯ. ಎಲ್ಲ ಕೆಲಸ ನಡೆಯುವುದು ಮೇಲ್ಮೈಯಲ್ಲಿ ಎಂದಮೇಲೆ ಮೇಲ್ಮೈ ಹೆಚ್ಚಿದಷ್ಟೂ ಒಳ್ಳೆಯದು. ಒಂದು ಸೆಂಟಿಮೀಟರ್ ಘನದ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್. ಬೇಕಾದರೆ ಲೆಕ್ಕ ಮಾಡಿ ನೋಡಿ. ಇನ್ನೊಂದು ಸಂಗತಿಯನ್ನು 1991ರಲ್ಲಿ ಜಪಾನಿನ ಯಮಜೋಯೆ ಅವರ ತಂಡ ತೋರಿಸಿತು. ತವರದ ಆಕ್ಸೈಡಿನ ಕಣದಲ್ಲಿ ಎಲೆಕ್ಟ್ರಾನುಗಳ ಬರ ಇರುವ ಪದರದ ದಪ್ಪ ಸುಮಾರು 3 ನ್ಯಾನೋಮೀಟರ್. ಕಣದ ಗಾತ್ರವೇ 6 ನ್ಯಾನೋಮೀಟರಿನ ಆಸುಪಾಸಿಗೆ ಇಳಿದರೆ ಕಣ ಇಡಿಯಾಗಿ ಬರಪೀಡಿತ. ಆಗ ಸ್ವಲ್ಪ ಅನಿಲ ಬಂದರೂ ಇಡೀ ಕಣದ ವರ್ತನೆ ಬದಲಾಗುತ್ತದೆ, ಸೂಕ್ಷ್ಮತೆ ಒಮ್ಮೆಲೇ ಏರುತ್ತದೆ. ಸಣ್ಣದು ಬೇಗ ಸ್ಪಂದಿಸುತ್ತದೆ ಎಂದು ಇಲಿ ಮತ್ತು ಹಕ್ಕಿಗಳಲ್ಲಿ ಹಾಲ್ಡೇನ್ ಕಂಡದ್ದನ್ನು ಆಕ್ಸೈಡಿನ ಕಣಗಳೂ ಹೇಳಿದವು.

ಈಸ್ಟ್ ಹ್ಯಾಮಿನ ಕೊಲೆಗಾರನಿಗೂ ಆಕ್ಸೈಡಿನಲ್ಲಿ ಉತ್ತರವಿದೆ. ತವರದ ಆಕ್ಸೈಡಿಗೆ ಸ್ವಲ್ಪ ತಾಮ್ರದ ಆಕ್ಸೈಡ್ ಬೆರೆಸಿದರೆ ರೋಧ ಬಹಳ ಹೆಚ್ಚಾಗಿರುತ್ತದೆ. ಹೈಡ್ರೋಜನ್ ಸಲ್ಫೈಡ್ ತಾಗಿದೊಡನೆ ತಾಮ್ರದ ಆಕ್ಸೈಡ್ ತಾಮ್ರದ ಸಲ್ಫೈಡ್ ಆಗುತ್ತದೆ. ಅದು ಲೋಹದಂತೆ ವಿದ್ಯುತ್ ಹರಿಸುವುದರಿಂದ ರೋಧ ಕುಸಿದುಬೀಳುತ್ತದೆ. ಶುದ್ಧ ಗಾಳಿ ಬಂದರೆ ಮತ್ತೆ ಆಕ್ಸೈಡ್. ಮೂಗು ಸೋಲುವ ಪ್ರಮಾಣದಲ್ಲಿಯೂ ಇದು ಸೋಲುವುದಿಲ್ಲ.

ಕೈಯಲ್ಲಿ ಹಿಡಿಯುವ ಇನ್ನೊಂದು ಬಗೆಯ ಪತ್ತೆಯಂತ್ರ ನಿಮ್ಮ ವಿದ್ಯುದ್ರಸಾಯನಶಾಸ್ತ್ರದ ಪಾಠದಿಂದ ಎದ್ದುಬಂದದ್ದು. ಪುಟ್ಟ ಕೋಶದೊಳಗಿನ ಎಲೆಕ್ಟ್ರೋಡಿನ ಮೇಲೆ ಕಾರ್ಬನ್ ಮಾನಾಕ್ಸೈಡ್ ಉತ್ಕರ್ಷಣಗೊಂಡು ಪ್ರತಿ ಅಣುವಿಗೆ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಹರಿಯುವ ವಿದ್ಯುತ್ತು ಅನಿಲದ ಪ್ರಮಾಣಕ್ಕೆ ಅನುಪಾತದಲ್ಲಿರುತ್ತದೆ. ಆ ಎಲೆಕ್ಟ್ರೋಡುಗಳ ಮೇಲೆ ಲೋಹದ ಆಕ್ಸೈಡುಗಳ ನ್ಯಾನೋಕಣಗಳನ್ನು ಲೇಪಿಸಿ, ಬಿಸಿಮಾಡುವ ಅಗತ್ಯವಿಲ್ಲದೆಯೇ ಹೆಚ್ಚು ಅನಿಲಗಳನ್ನು ಕಡಿಮೆ ಖರ್ಚಿನಲ್ಲಿ ಗುರುತಿಸಲು ಜಗತ್ತಿನ ಹಲವು ಪ್ರಯೋಗಾಲಯಗಳು ದುಡಿಯುತ್ತಿವೆ. ಸಮಸ್ಯೆಗಳು ಮುಗಿದಿಲ್ಲ. ತೇವ ಹೆಚ್ಚಾದರೆ ಆಕ್ಸೈಡ್ ಸೆನ್ಸರಿನ ಲೆಕ್ಕ ತಪ್ಪುತ್ತದೆ. ಮದ್ಯಸಾರದ ಆವಿಗೂ ಅಡುಗೆ ಅನಿಲಕ್ಕೂ ಅದು ಒಂದೇ ರೀತಿ ಕೂಗುತ್ತದೆ. ನಿಮಗೆ ಕೆಲಸ ಬಾಕಿ ಇದೆ.

ಯಾರ ಕೈಗೆ ತಲುಪಬೇಕು?

1984ರ ಡಿಸೆಂಬರಿನಲ್ಲಿ ಭೋಪಾಲದ ಕೀಟನಾಶಕ ಕಾರ್ಖಾನೆಯಿಂದ ಮೀಥೈಲ್ ಐಸೋಸಯನೇಟ್ ಸೋರಿ ಸಾವಿರಾರು ಜನ ಸತ್ತರು. ಅಲ್ಲಿ ಸೋರಿಕೆಯನ್ನು ಅರಿಯಲು ಕಾರ್ಮಿಕರು ನೆಚ್ಚಿಕೊಂಡಿದ್ದದ್ದು ತಮ್ಮ ಕಣ್ಣಿನ ಉರಿಯನ್ನು. ಹಾಲ್ಡೇನ್ ತಮ್ಮ ಗಣಿ ವರದಿಯನ್ನು ಕೊಟ್ಟು 88 ವರ್ಷಗಳಾದ ಮೇಲೂ ಮನುಷ್ಯನ ಮೈಯೇ ಅಲ್ಲಿ ಸೆನ್ಸರ್ ಆಗಿತ್ತು.

ಇನ್ನೂ ಹತ್ತಿರಕ್ಕೆ ಬರೋಣ. ಮ್ಯಾನ್‌ಹೋಲಿಗೆ ಇಳಿದು ಒಬ್ಬ, ಅವನನ್ನು ಎತ್ತಲು ಹೋಗಿ ಇನ್ನೊಬ್ಬ ಸತ್ತ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ಈಗಲೂ ಓದುತ್ತೇವೆ. ಓದಿದಾಗಲೆಲ್ಲ ನನಗೆ 1895ರ ಈಸ್ಟ್ ಹ್ಯಾಮ್ ನೆನಪಾಗುತ್ತದೆ. ಮಲ ಬಾಚುವ ಕೆಲಸಕ್ಕೆ ಮನುಷ್ಯರನ್ನು ಹಚ್ಚುವುದನ್ನು, ರಕ್ಷಣಾ ಸಾಧನವಿಲ್ಲದೆ ಚರಂಡಿಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ನಮ್ಮದೇ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಪದ್ಧತಿಯ ವಿರುದ್ಧ ದಶಕಗಳ ಕಾಲ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಕಾನೂನು ಇದೆ, ತೀರ್ಪು ಇದೆ, ಯಂತ್ರ ಇದೆ. ಕೊರತೆ ಇರುವುದು ಇಳಿಯುವವನ ಜೀವಕ್ಕೆ ನಾವು ಕೊಡುವ ಬೆಲೆಯಲ್ಲಿ. ಸೆನ್ಸರ್ ಕೈಯಲ್ಲಿದೆ ಎಂದು ಮನುಷ್ಯನನ್ನು ಚರಂಡಿಗೆ ಇಳಿಸಬಹುದು ಎಂದೂ ಅಲ್ಲ. ಯಂತ್ರದಿಂದ ಆಗುವ ಕೆಲಸವನ್ನು ಯಂತ್ರವೇ ಮಾಡಬೇಕು.

ನನ್ನ ಕಣ್ಣಿಗೆ ಹಾಲ್ಡೇನ್ ಅವರ ದೊಡ್ಡತನ ಇಲ್ಲಿದೆ. ಗಣಿ ಕಾರ್ಮಿಕ, ಚರಂಡಿಯ ಕಾರ್ಮಿಕ, ಒಂಟಿಕೋಣೆಯ ಸಂಸಾರ ಯಾವ ಗಾಳಿಯನ್ನು ಉಸಿರಾಡುತ್ತಿದ್ದರೋ ಅದನ್ನು ತಾನೂ ಉಸಿರಾಡಿ ನೋಡಿದ ಮೇಲೆಯೇ ಅವರು ವರದಿ ಬರೆದರು. ಆ ಮೇಲೆ, ಇನ್ನು ಯಾರೂ ಹಾಗೆ ಉಸಿರಾಡಿ ತಿಳಿಯಬೇಕಾಗದಂತೆ ದಾರಿ ಹುಡುಕಿದರು.

ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗುತ್ತೀರಿ, ಕೆಲವರು ವೈದ್ಯರು, ಕೆಲವರು ನಗರಸಭೆಯಲ್ಲೋ ಕಾರ್ಖಾನೆಯಲ್ಲೋ ಸಹಿ ಹಾಕುವ ಅಧಿಕಾರಿಗಳು. ಒಬ್ಬ ಮನುಷ್ಯನನ್ನು ಮುಚ್ಚಿದ ಜಾಗಕ್ಕೆ ಕಳುಹಿಸುವ ಕಾಗದ ನಿಮ್ಮ ಮೇಜಿಗೆ ಬಂದಾಗ, ಅಲ್ಲಿಯ ಗಾಳಿಯನ್ನು ಅಳೆದವರು ಯಾರು ಎಂದು ಕೇಳಿ. ಅಲ್ಲಿಯವರೆಗೆ ಮನೆಯಲ್ಲಿಯೇ ಮಾಡಬಹುದಾದದ್ದೂ ಇದೆ. ಗ್ಯಾಸ್ ಗೀಸರ್ ಇರುವ ಬಚ್ಚಲಿನ ಕಿಟಕಿಯನ್ನು ಮುಚ್ಚಬೇಡಿ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆ ಇಟ್ಟು ಮಲಗಬೇಡಿ. ಬಾವಿಯಲ್ಲಿ, ಗುಂಡಿಯಲ್ಲಿ ಯಾರಾದರೂ ಪ್ರಜ್ಞೆ ತಪ್ಪಿದರೆ ಹಿಂದೆಮುಂದೆ ನೋಡದೆ ಇಳಿಯಬೇಡಿ, ಮೊದಲು ಅಗ್ನಿಶಾಮಕ ದಳವನ್ನು ಕರೆಯಿರಿ. ಇಷ್ಟನ್ನು ಮನೆಯವರಿಗೂ ನೆರೆಯವರಿಗೂ ತಿಳಿಸಿ ಹೇಳಿದರೆ, ಈ ಸಂಚಿಕೆಯ ಇಷ್ಟು ಪುಟಗಳನ್ನು ನಾನು ತೆಗೆದುಕೊಂಡದ್ದಕ್ಕೆ ಅರ್ಥ ಬಂತು.